ಸೋರುವ ಮಾಡಿನ ಖರ್ಚು

ಸಹೋದರಿ, ನಿಮ್ಮದು ಹಂಚಿನ ಮನೆಯೇ? ಹಾಗಾದರೆ ಮಾಡು ಸೋರುವುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ನಿಮಗೇ. ಅಡಿಗೆ ಪಾತ್ರೆಯಿಟ್ಟು ಸುಮ್ಮನಾಗಬೇಡಿ.

1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಹಂಚು ಕರಾವಳಿಯ ಮನೆಗಳನ್ನು ಮಳೆಯಿಂದ ಕಾಯುತ್ತಾ ಬಂದಿದೆ. ಒಂದು ಹಂಚಿನ ಬೆಲೆ ದೊಡ್ಡದೇನಲ್ಲ. ಖರ್ಚು ಏರುವುದು ಅದರ ಅಡಿಯ ಮರದಿಂದ. ಒಡಕಿನಿಂದ ಇಳಿದ ನೀರು ಮೊದಲು ರೀಪನ್ನು, ಆಮೇಲೆ ಪಕ್ಕಾಸನ್ನು ಕೊಳೆಸುತ್ತದೆ. ತೇವವಿದ್ದಲ್ಲಿಗೆ ಗೆದ್ದಲೂ ಬರುತ್ತದೆ. ಪಕ್ಕಾಸು ಬದಲಿಸಬೇಕಾದರೆ ಅದರ ಮೇಲಿನ ಒಳ್ಳೆಯ ಹಂಚುಗಳನ್ನೂ ಇಳಿಸಬೇಕು. ಇಳಿಸುವಾಗ ಕೆಲವು ಒಡೆಯುತ್ತವೆ. ಮರದ ಬೆಲೆ, ಬಡಗಿಯ ಕೂಲಿ ಬೇರೆ.

ಮಾಡು ಎತ್ತರವಾಗಿದ್ದು ಇಳಿಜಾರು ಹೆಚ್ಚಿದ್ದರೆ ಕೂಲಿಯೂ ಹೆಚ್ಚು. ಬೇರೆ ಬೇರೆ ಕಾರ್ಖಾನೆಗಳ ಹಂಚು ಒಂದಕ್ಕೊಂದು ಸರಿಯಾಗಿ ಕೂರದಿರಬಹುದು. ಹಳೆಯ ಕಾರ್ಖಾನೆಗಳಲ್ಲಿ ಅನೇಕವು ಮುಚ್ಚಿವೆ. ಆದ್ದರಿಂದ ಕೊಳ್ಳಲು ಹೋಗುವಾಗ ಮಾದರಿಗೆ ಒಂದು ಹಂಚು ಒಯ್ಯಿರಿ. ಮೇ ತಿಂಗಳ ಕೊನೆಗೆ ಎಲ್ಲರಿಗೂ ಆಳು ಬೇಕು. ಫೆಬ್ರವರಿಯಲ್ಲೇ ಹೇಳಿಟ್ಟರೆ ನಿಧಾನವಾಗಿ ನೋಡಿ ಮಾಡಿಸಬಹುದು.

ಗಂಡ ಗಲ್ಫ್‌ನಲ್ಲಿರುವ ಅಥವಾ ದುಡಿಯುವ ಗಂಡಸಿಲ್ಲದ ಮನೆಗಳಲ್ಲಂತೂ ಈ ಲೆಕ್ಕ ಬಹಳ ಮುಖ್ಯ. ಮುಂದೂಡಿದ ದುರಸ್ತಿಯೇ ನಡು ಮಳೆಗಾಲದಲ್ಲಿ ಬಡ್ಡಿಸಾಲದ ಬಾಗಿಲಿಗೆ ತಳ್ಳೀತು.

ಆದರೆ ಮಾಡು ಹತ್ತುವವನ ಕೂಲಿಯಲ್ಲಿ ಉಳಿತಾಯ ಹುಡುಕಬೇಡಿ. ಬೆವರು ಆರುವ ಮುನ್ನ ಅದನ್ನು ಕೊಡಬೇಕೆಂಬುದು ಪ್ರವಾದಿಯವರ(ಸ) ಬೋಧನೆ. ಉಳಿಸಬೇಕೆಂದಿದ್ದರೆ ಮೊದಲ ಹಂಚು ಒಡೆದಾಗಲೇ ಬದಲಿಸಿಬಿಡಿ.