ಭಾರ ಹೊರದ ಹೆಂಚು

ನಿಮ್ಮ ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿ ನೋಡಿ. ಮದುವೆ, ಮರಣ, ಆಸ್ಪತ್ರೆ ಈ ಮೂರರ ಕಾರಣವಿಲ್ಲದೆ ಅವರು ಮನೆಯ ಹೊರಗೆ ಒಂದು ರಾತ್ರಿ ಕಳೆದದ್ದು ಯಾವಾಗ? ನನ್ನ ತಂದೆಯವರನ್ನು ನಾನು ಹೀಗೆ ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ಹಾಗೆ ಎಂದೂ ಇಲ್ಲ" ಎಂದರು. ಆಗ ಅವರಿಗೆ 82 ವರ್ಷ.

ತಂದೆಯವರು ಗಾರೆ ಕೆಲಸದವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಕೆಲಸಕ್ಕೆ ಸೇರಿ ಕಲ್ಲು ಹೊತ್ತವರು. ಆ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡಿತು. ಶರಾವತಿಯ ನೀರು ನಿಂತಿತು, ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು, ನಾಡಿಗೆ ಬೆಳಕು ಬಂದಿತು. ತಂದೆಯವರು ಮಾತ್ರ ಕರಣೆ ಹಿಡಿದು ಸಾಗರದಲ್ಲಿಯೇ ನೆಲೆ ನಿಂತರು. ಮುಂದಿನ ನಲವತ್ತು ವರ್ಷಗಳಲ್ಲಿ ಅವರು ಕಟ್ಟಿದ ಮನೆ, ಅಂಗಡಿ, ವಸತಿಗೃಹಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದರಲ್ಲಿಯೂ ಅವರು ಮಲಗಿದವರಲ್ಲ.

ತಾಯಿಯವರು ತೀರಿಕೊಂಡು ಎರಡು ವರ್ಷಗಳಾಗಿದ್ದವು. ತಂದೆಯವರು ತಾವೇ ಕಟ್ಟಿದ ಮನೆಯಲ್ಲಿ ಒಬ್ಬರೇ ಇದ್ದರು. ನಾವು ಮಕ್ಕಳು ಮೂವರು. ತಮ್ಮ ಬೆಂಗಳೂರಿನಲ್ಲಿ, ತಂಗಿ ಮಂಗಳೂರಿನಲ್ಲಿ, ನಾನು ಶಿವಮೊಗ್ಗದಲ್ಲಿ. ಕಳೆದ ನವೆಂಬರ್ ತಿಂಗಳಿನಲ್ಲಿ ಎಲ್ಲರೂ ಸೇರಿ ಅವರನ್ನು ನಿಟ್ಟೂರಿನ ಹತ್ತಿರದ ಒಂದು ಅತಿಥಿಗೃಹಕ್ಕೆ ಎರಡು ದಿನಗಳ ಮಟ್ಟಿಗೆ ಕರೆದೊಯ್ದೆವು. ವಿಶ್ರಾಂತಿಗಾಗಿ ಎಂದು ಅವರಿಗೆ ಹೇಳಿದ್ದೆವು. ಅದು ಸುಳ್ಳಲ್ಲ. ಆದರೆ ಮನೆಯನ್ನು ಮಾರುವ ಕಾಗದಪತ್ರಗಳು ನನ್ನ ಚೀಲದಲ್ಲಿದ್ದವು. ಪ್ರಶಾಂತವಾದ ಸ್ಥಳದಲ್ಲಿ ಕಠಿಣವಾದ ಮಾತು ಸುಲಭವಾಗುತ್ತದೆ ಎಂದು ನಾವು ನಂಬಿದ್ದೆವು.

ಹೊಸನಗರ ದಾಟಿ ನಗರದ ಕೋಟೆಯ ಬಳಿ ಕಾರು ನಿಲ್ಲಿಸಿದೆವು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು ಇದೇ. 1763ರಲ್ಲಿ ಹೈದರ್ ಅಲಿಯ ವಶವಾದ ಊರು. ನಾನು ಮೊಮ್ಮಕ್ಕಳಿಗೆ ಇತಿಹಾಸ ಹೇಳುತ್ತಿದ್ದರೆ ತಂದೆಯವರು ಗೋಡೆಯ ಮೇಲೆ ಕೈಯಾಡಿಸುತ್ತ ಕಲ್ಲುಗಳ ಸಂದನ್ನು ನೋಡುತ್ತಿದ್ದರು. "ಅರಮನೆ ಹೋಯಿತು, ಗೋಡೆ ಉಳಿಯಿತು" ಎಂದಷ್ಟೇ ಹೇಳಿ ಕಾರು ಹತ್ತಿದರು.

ಅತಿಥಿಗೃಹ ಹೊಸ ಮಾದರಿಯದು. ಗಾರೆ ಹಚ್ಚದ ಜಂಬಿಟ್ಟಿಗೆಯ ಗೋಡೆಗಳು, ನಡುವೆ ಹಳೆಯ ತೊಟ್ಟಿಮನೆಗಳಂತೆ ಬಯಲು ಅಂಗಳ, ಅಡಿಕೆ ತೋಟಕ್ಕೆ ಮುಖ ಮಾಡಿದ ಆಳೆತ್ತರದ ಗಾಜು, ಮುಂದೆ ಅಗಲವಾದ ಜಗಲಿ. ದೂರದಲ್ಲಿ 1343 ಮೀಟರ್ ಎತ್ತರದ ಕೊಡಚಾದ್ರಿ ಮಂಜಿನಲ್ಲಿ ಅಡಗಿ ಹೊರಬರುತ್ತಿತ್ತು. ಅಡಿಕೆ ಬೇಯಿಸುವ ಹಂಡೆಯ ವಾಸನೆ ಗಾಳಿಯಲ್ಲಿತ್ತು. ನಗರದಿಂದ ಬಂದವನಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಆದರೆ ವಿಶ್ರಾಂತಿ ನಾವೆಣಿಸಿದಷ್ಟು ಸುಲಭವಾಗಿ ಒದಗಲಿಲ್ಲ. ನಾನು ಮೊಬೈಲಿಗೆ ಸಿಗ್ನಲ್ ಸಿಗದೆ ಸಂಜೆಯವರೆಗೆ ಗುಡ್ಡದ ಮೇಲೆ ಅಲೆದೆ. ತಮ್ಮ ಲ್ಯಾಪ್‌ಟಾಪ್ ಮುಚ್ಚಲಿಲ್ಲ. ತಂದೆಯವರಂತೂ ಕುಳಿತುಕೊಳ್ಳಲೇ ಇಲ್ಲ. "ಗೋಡೆಗೆ ಗಾರೆ ಮಾಡದೆ ಬಿಟ್ಟಿದ್ದಾರೆ, ದುಡ್ಡು ಸಾಲಲಿಲ್ಲವೇ?" ಎಂದು ಕೇಳಿದರು. ಅಡುಗೆಯ ಹೆಂಗಸಿಗೆ, "ನಿನ್ನದು ಊಟವಾಯಿತೇನಮ್ಮಾ?" ಎಂದು ವಿಚಾರಿಸಿದರು. ಕೋಣೆಯ ಬಾಡಿಗೆ ಎಷ್ಟೆಂದು ಕೇಳಿದಾಗ ನಾನು ಅರ್ಧಕ್ಕಿಳಿಸಿ ಹೇಳಿದೆ. ಸುತ್ತಲೂ ಒಮ್ಮೆ ನೋಡಿ, "ಅಷ್ಟಕ್ಕೆ ಈ ಗಾಜಿನ ಬಡ್ಡಿಯೂ ಹುಟ್ಟುವುದಿಲ್ಲ" ಎಂದರು. ರಾತ್ರಿ ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆ ಬಾರದೆ ನೆಲದ ಮೇಲೆ ಕಂಬಳಿ ಹಾಸಿಕೊಂಡರು. ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಎಲ್ಲರ ಚಪ್ಪಲಿಗಳನ್ನೂ ಸಾಲಾಗಿ ಜೋಡಿಸಿಟ್ಟಿದ್ದರು.

ಅಂದು ಅವರ ಕಣ್ಣು ಚಾವಣಿಯ ಮೇಲೆ ಬಿದ್ದಿತು. ಕಾಂಕ್ರೀಟಿನ ತಳದಲ್ಲಿ ಮಂಗಳೂರು ಹೆಂಚುಗಳು ಸಾಲುಸಾಲಾಗಿ ಹುದುಗಿದ್ದವು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಕರಾವಳಿ, ಮಲೆನಾಡುಗಳ ಮಾಡಿನ ಮೇಲೆ ಕುಳಿತ ಹೆಂಚು ಇಲ್ಲಿ ಚಾವಣಿಯ ಒಳಗೆ ಸೇರಿತ್ತು. ಮನೆಯ ಒಡೆಯರಾದ ಯುವಕರು ವಿವರಿಸಿದರು: ಇದು ಕೇರಳದಲ್ಲಿ ದುಡಿದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಅವರು ಜನಪ್ರಿಯಗೊಳಿಸಿದ ವಿಧಾನ. ಹಳೆಯ ಮನೆ ಇಳಿಸಿದಾಗ ಸಿಕ್ಕ ಹೆಂಚುಗಳನ್ನೇ ಇಲ್ಲಿ ಬಳಸಲಾಗಿದೆ. ತಂದೆಯವರ ಮುಖದಲ್ಲಿ ಮೊದಲ ಬಾರಿಗೆ ನಗು ಮೂಡಿತು. "ಸರಿ, ಸರಿ. ಚಾವಣಿಯ ಕೆಳಪದರದಲ್ಲಿ ಸೆಳೆತವನ್ನು ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟು ಸುಮ್ಮನೆ ತೂಕ. ಅದರ ಬದಲು ಹೆಂಚು ಇಟ್ಟಿದ್ದಾರೆ" ಎಂದರು.

ಮಧ್ಯಾಹ್ನ ಊಟವಾದ ಮೇಲೆ ಅವರು ಜಗಲಿಯ ಮೇಲೆ ಟವೆಲ್ಲನ್ನು ತಲೆದಿಂಬಾಗಿಸಿಕೊಂಡು ಮಲಗಿದರು. ಹಾಗೆಯೇ ನಿದ್ದೆ ಹತ್ತಿತು. ನಾವು ಮೂವರೂ ಪಕ್ಕದಲ್ಲಿ ಕುಳಿತೆವು. ಹಗಲಿನಲ್ಲಿ ನಿದ್ರಿಸುವ ತಂದೆಯವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರ ಬೆರಳುಗಳು ಸುಣ್ಣ, ಸಿಮೆಂಟು ತಿಂದು ಬಿರುಕು ಬಿಟ್ಟಿದ್ದವು. ಆ ಬೆರಳುಗಳನ್ನು ನಾವು ಎಂದಾದರೂ ಇಷ್ಟು ಹೊತ್ತು ನೋಡಿದ್ದೆವೇ? ಸುಮಾರು ಎರಡು ಗಂಟೆಗಳ ಕಾಲ ಯಾರೂ ಮಾತನಾಡಲಿಲ್ಲ.

ಎಚ್ಚರವಾದಾಗ ಸಂಜೆಯಾಗಿತ್ತು. ಕಾಫಿ ಕುಡಿದು ಅವರೇ, "ಕಾಗದ ತಂದಿದ್ದೀರಲ್ಲ, ತೆಗೆಯಿರಿ" ಎಂದರು. ನನ್ನ ಕೈ ನಡುಗಿತು. ಅವರಿಗೆ ಹೊರಡುವ ದಿನವೇ ಗೊತ್ತಾಗಿತ್ತಂತೆ. "ಮೂವರೂ ಒಂದೇ ದಿನ ರಜೆ ಹಾಕಿದಿರಿ. ನಿಮ್ಮ ತಾಯಿಯ ಕಾಯಿಲೆಗೂ ಹಾಗೆ ಕೂಡಿಬಂದಿರಲಿಲ್ಲ." ಆ ಮಾತಿನಲ್ಲಿ ಕೋಪವಿರಲಿಲ್ಲ. ಅದಕ್ಕೇ ಅದು ಹೆಚ್ಚು ನೋಯಿಸಿತು.

ಅನಂತರ ಚಾವಣಿಯ ಕಡೆಗೆ ಕೈ ತೋರಿಸಿದರು. "ನಾನು ನಿಮಗೆ ಭಾರವಾಗಿದ್ದೇನೆ ಎಂದು ಎರಡು ವರ್ಷಗಳಿಂದ ಎಣಿಸುತ್ತಿದ್ದೆ. ಈ ಹೆಂಚನ್ನು ನೋಡಿ. ಇದು ಯಾವ ಭಾರವನ್ನೂ ಹೊರುವುದಿಲ್ಲ. ಆದರೂ ಇದು ಇರುವುದರಿಂದಲೇ ಚಾವಣಿ ಹಗುರವಾಗಿದೆ, ಒಳಗೆ ತಂಪಾಗಿದೆ. ಕೆಲಸವಿಲ್ಲದವನಿಗೂ ಮನೆಯಲ್ಲಿ ಒಂದು ಜಾಗವಿರುತ್ತದೆ. ಮನೆ ಮಾರುವುದಾದರೆ ಮಾರಿ. ನಾನು ಇರುವಷ್ಟು ದಿನ ಬೇಡ."

ತಂಗಿ ಅತ್ತಳು. ಹಣದ ತುರ್ತಿದ್ದ ತಮ್ಮ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಆಗಲಿ ಎಂದ. ಅವನಿಗೆ ಅದು ಸುಲಭವಾಗಿರಲಿಲ್ಲ ಎಂಬುದನ್ನು ನಾನು ಇಲ್ಲಿ ಹೇಳಲೇಬೇಕು. ತಂದೆಯವರು ಒಂದು ಷರತ್ತು ಹಾಕಿದರು. ತಿಂಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬರು ಬಂದು ಎರಡು ರಾತ್ರಿ ಉಳಿಯಬೇಕು. ಔಷಧಿ, ದಿನಸಿ, ಕರೆಂಟ್ ಬಿಲ್ಲು ಎಂದು ಓಡಾಡಲು ಅಲ್ಲ, ಸುಮ್ಮನೆ ಇರಲು.

ಓದುಗರೇ, ಈ ಏರ್ಪಾಡು ತಪ್ಪದೆ ನಡೆಯುತ್ತಿದೆ ಎಂದು ಹೇಳಲಾರೆ. ಒಂದು ತಿಂಗಳು ತಮ್ಮ ಬರಲಿಲ್ಲ. ಮತ್ತೊಂದು ತಿಂಗಳು ನಾನೇ ಒಂದು ರಾತ್ರಿಗೆ ಮುಗಿಸಿ ಹೊರಟೆ. ಸುಮ್ಮನೆ ಇರುವುದು ಎಷ್ಟು ಕಷ್ಟದ ಕೆಲಸವೆಂದು ಆಗಲೇ ತಿಳಿದದ್ದು. ನಮ್ಮ ಹಿರಿಯರಿಗೆ ನಾವು ಮಾತ್ರೆ ಕೊಡುತ್ತೇವೆ, ಹಣ ಕಳುಹಿಸುತ್ತೇವೆ, ದೂರವಾಣಿಯಲ್ಲಿ "ಊಟವಾಯಿತೇ?" ಎಂದು ಕೇಳುತ್ತೇವೆ. ಅವರು ಮಲಗಿರುವಾಗ ಪಕ್ಕದಲ್ಲಿ ಎರಡು ಗಂಟೆ ಕುಳಿತಿರಲು ನಮಗೆ ಹಣ ತೆತ್ತು ನಿಟ್ಟೂರಿನ ಕಾಡಿಗೆ ಹೋಗಬೇಕಾಯಿತು.

ನಿಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ನಿಮ್ಮ ಮನೆಗೂ ಒಂದು ಜಗಲಿ ಇರಬಹುದು. ಇಲ್ಲದಿದ್ದರೆ ಒಂದು ಚಾಪೆ ಸಾಕು. ಈ ಶನಿವಾರ ನನ್ನ ಸರದಿ. ಕಾಗದಪತ್ರಗಳ ಚೀಲವನ್ನು ಕಪಾಟಿನಲ್ಲಿಟ್ಟು ಹೊರಡುತ್ತೇನೆ.