ಹಿರಿಯರ ಅಂತರಂಗವೂ ನಮ್ಮ ವಾದವೂ

ಸತ್ತವರನ್ನು ಕುರಿತು ವಾದ ಮಾಡುವುದರಲ್ಲಿ ಒಂದು ಅನುಕೂಲವುಂಟು. ಅವರು ಎದ್ದು ಬಂದು ನಮ್ಮ ಬಾಯಿ ಮುಚ್ಚಿಸುವುದಿಲ್ಲ. ಅನಾನುಕೂಲವೂ ಅದೇ. ಅವರ ರಾಜ್ಯಭಾರ, ಯುದ್ಧ, ದಾನದತ್ತಿಗಳ ವಿಷಯಕ್ಕಾದರೆ ಶಾಸನಗಳಿವೆ, ಬಖೈರುಗಳಿವೆ. ಅವರು ಯಾರನ್ನು ಪ್ರೀತಿಸಿದರು, ಹೇಗೆ ಪ್ರೀತಿಸಿದರು ಎಂಬ ಮಾತಿಗೆ ಬಂದೆವೆಂದರೆ ಸಾಕ್ಷಿ ಹೇಳುವವರು ಬಹು ವಿರಳ. ಉಳಿಯುವುದು ನಮ್ಮ ಗಂಟಲು ಮಾತ್ರ.

ಚಾಮರಾಜಪುರಂ ರೈಲ್ವೆ ನಿಲ್ದಾಣಕ್ಕೆ ಸಮೀಪದ ಒಂದು ಮನೆಯ ಜಗಲಿಯಲ್ಲಿ ನಾವು ಆರೇಳು ಮಂದಿ ವಿದ್ಯಾರ್ಥಿಗಳು ಭಾನುವಾರ ಸಂಜೆ ಸೇರಿ ವಚನಗಳನ್ನು ಓದುತ್ತೇವೆ. ಮನೆಯ ಯಜಮಾನರು ನಿವೃತ್ತ ಕನ್ನಡ ಪಂಡಿತರು. ನಮಗೆಲ್ಲ ಅವರು 'ಮೇಷ್ಟ್ರು'. ನಂಜನಗೂಡಿನ ಕಡೆಯ ರೈಲು ಹಾದುಹೋಗುವಾಗ ಎಲ್ಲರೂ ಸುಮ್ಮನಾಗಲೇಬೇಕು. ನಮ್ಮ ಎಷ್ಟೋ ಜಗಳಗಳನ್ನು ನಿಲ್ಲಿಸಿದ ಪುಣ್ಯ ಆ ರೈಲಿಗೆ ಸಲ್ಲತಕ್ಕದ್ದು.

ಆದರೆ ಉರಿಲಿಂಗದೇವನ ವಚನಗಳನ್ನು ಓದಿದ ಸಂಜೆ ರೈಲಿನಿಂದಲೂ ಆಗಲಿಲ್ಲ. ಆತ 12ನೆಯ ಶತಮಾನದ ಶರಣ. ಲಿಂಗವೇ ಪತಿ, ತಾನು ಸತಿ ಎಂಬ ಭಾವದಲ್ಲಿ ವಿರಹವನ್ನೂ ಕೂಟವನ್ನೂ ಹಾಡಿದವನು. ನಮ್ಮ ಗೆಳೆಯನೊಬ್ಬ ಓದಿ ಮುಗಿಸಿ, "ಇಲ್ಲಿ ಒಬ್ಬ ಗಂಡಸು ತನ್ನ ಗಂಡನಿಗಾಗಿ ಹಂಬಲಿಸುತ್ತಿದ್ದಾನೆ. ಇದನ್ನು ಬರಿಯ ಅಲಂಕಾರವೆಂದು ಏಕೆ ತಳ್ಳಿಬಿಡಬೇಕು?" ಎಂದ. ಮಾತು ಮೆಲ್ಲಗಿತ್ತು. ಪಕ್ಕದವನು ಸಿಡಿದೆದ್ದ: "ಶರಣರಿಗೆ ಇಂಥ ಕಳಂಕ ಹಚ್ಚಬೇಡ ಕಣೋ!" ಮೂರನೆಯವನೊಬ್ಬ, "ಕಳಂಕವೇನು ಬಂತು? ಆತ ಸಲಿಂಗಪ್ರೇಮಿಯೇ, ಸಂದೇಹವೇ ಬೇಡ" ಎಂದು ತೀರ್ಪನ್ನೇ ಕೊಟ್ಟುಬಿಟ್ಟ. ಮುಂದಿನ ಅರ್ಧ ಗಂಟೆ ಇವರಿಬ್ಬರದೇ ಕೂಗಾಟ. ಮೊದಲು ಪ್ರಶ್ನೆ ಕೇಳಿದವನು ಪುಸ್ತಕ ಮಡಿಸಿಟ್ಟು ಎದ್ದುಹೋದದ್ದನ್ನು ಅವರು ನೋಡಲೂ ಇಲ್ಲ. ಆಮೇಲೆ ಎರಡು ಭಾನುವಾರ ಅವನು ಬರಲಿಲ್ಲ.

ಈ ಬಗೆಯ ಜಗಳ ನಮ್ಮ ಜಗಲಿಯಲ್ಲಿ ಹುಟ್ಟಿದ್ದಲ್ಲ. ಅಕ್ಕಮಹಾದೇವಿಗೂ ಕೌಶಿಕನಿಗೂ ಮದುವೆಯಾಗಿತ್ತೆ? ಹರಿಹರನು ತನ್ನ ರಗಳೆಯಲ್ಲಿ ಆಯಿತೆನ್ನುತ್ತಾನೆ. 15ನೆಯ ಶತಮಾನದ ಚಾಮರಸನು 'ಪ್ರಭುಲಿಂಗಲೀಲೆ'ಯಲ್ಲಿ ಇಲ್ಲವೆನ್ನುತ್ತಾನೆ. ಇಬ್ಬರೂ ಭಕ್ತರೇ, ಇಬ್ಬರೂ ಅಕ್ಕನಿಗೆ ಕೈಮುಗಿದವರೇ. ಒಬ್ಬನಿಗೆ ಸಂಸಾರವನ್ನು ಕಂಡು ಒದ್ದು ಹೊರಟವಳು ದೊಡ್ಡವಳು. ಇನ್ನೊಬ್ಬನಿಗೆ ಅದನ್ನು ಮುಟ್ಟದೆಯೇ ನಡೆದವಳು ದೊಡ್ಡವಳು. ಕನ್ನಡ ಸಾಹಿತ್ಯ ಎರಡನ್ನೂ ತಲೆಯ ಮೇಲೆ ಹೊತ್ತುಕೊಂಡು ಬಂದಿದೆ.

ಇತ್ತೀಚಿನ ಕಾಲದಲ್ಲಿ ನಮ್ಮ ತಲೆ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಬಸವಣ್ಣನವರ ಪತ್ನಿ ನೀಲಾಂಬಿಕೆಯ ವಚನಗಳನ್ನು ಆಧರಿಸಿ, ಆ ದಾಂಪತ್ಯ ದೇಹಸಂಬಂಧವಿಲ್ಲದ್ದಾಗಿದ್ದಿರಬಹುದೆಂದು ಎಂ. ಎಂ. ಕಲಬುರ್ಗಿಯವರು ಬರೆದರು. ಚೆನ್ನಬಸವಣ್ಣನ ಜನನವನ್ನು ಕುರಿತೂ ಒಂದು ಊಹೆ ಮಂಡಿಸಿದರು. 1989ರಲ್ಲಿ ಒತ್ತಡ ಹೆಚ್ಚಿ ಆ ಮಾತುಗಳನ್ನು ಅವರು ಹಿಂತೆಗೆದುಕೊಳ್ಳಬೇಕಾಯಿತು. ಪಿ. ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿ 1995ರಲ್ಲಿ ಹೊರಬಂದಿತು. ಅಕ್ಕನಾಗಮ್ಮನನ್ನು ಚಿತ್ರಿಸಿದ ರೀತಿಗೆ ವಿರೋಧ ಬಂದು, 1997ರಲ್ಲಿ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಪೂಜ್ಯರೆಂದು ನಂಬಿದವರ ವಿಷಯದಲ್ಲಿ ನೋವಾಗುವುದು ಸುಳ್ಳಲ್ಲ. ಆ ನೋವನ್ನು ನಗೆಯಾಡುವುದು ವಿದ್ಯಾವಂತರ ಲಕ್ಷಣವೂ ಅಲ್ಲ. ಆದರೆ ಗ್ರಂಥವನ್ನು ಮುಟ್ಟುಗೋಲು ಹಾಕಿದ ಮಾತ್ರಕ್ಕೆ ಪ್ರಶ್ನೆಗೆ ಉತ್ತರ ದೊರೆತಂತಾಗುವುದಿಲ್ಲ.

ಇನ್ನು ಉರಿಲಿಂಗದೇವನ ವಿಷಯ. ಸತಿಪತಿ ಭಾವ ಅವನೊಬ್ಬನ ಸೊತ್ತಲ್ಲ. 'ಶರಣ ಸತಿ, ಲಿಂಗ ಪತಿ' ಎಂಬುದು ಶರಣರ ಸಾಧನೆಯ ಒಂದು ಮಾರ್ಗವೇ ಆಗಿತ್ತು. ತಮಿಳು ನಾಡಿನ ನಮ್ಮಾಳ್ವಾರರೂ ನಾಯಿಕೆಯ ದನಿಯಲ್ಲಿ ಹಾಡಿದವರು. ಅಷ್ಟರಿಂದಲೇ ಆ ವ್ಯಕ್ತಿಯ ಖಾಸಗಿ ಬಯಕೆ ಇಂಥದೇ ಎಂದು ಹೇಳಲಾಗದು. ಸಲಿಂಗಪ್ರೇಮಿ ಎಂಬ ನಮ್ಮ ಕಾಲದ ಹೆಸರನ್ನು ಎಂಟುನೂರು ವರ್ಷ ಹಿಂದಕ್ಕೆ ಒಯ್ದು ಅಂಟಿಸುವುದೂ ಸಲ್ಲದು. ಆದರೆ ಇದೇ ತಕ್ಕಡಿಯಲ್ಲಿ ಇನ್ನೊಂದು ಪಕ್ಷವನ್ನೂ ತೂಗಬೇಕಲ್ಲವೆ? 'ಬರಿಯ ಅಲಂಕಾರ' ಎನ್ನುವವರಿಗೂ ಪುರಾವೆಯ ಹೊರೆಯುಂಟು. ಮೌನವು ಯಾರ ಪರವಾಗಿಯೂ ಸಾಕ್ಷಿ ನುಡಿಯುವುದಿಲ್ಲ. ಉಪಮೆಗೆ ಬಲ ಬರುವುದು ಮನುಷ್ಯರು ಕಂಡುಂಡ ಅನುಭವದಿಂದಲೇ.

ನನಗೆ ಹೆಚ್ಚು ಚುಚ್ಚಿದ್ದು 'ಕಳಂಕ' ಎಂಬ ಮಾತು. ಉರಿಲಿಂಗದೇವನಿಗೆ ಅದು ತಾಕಲಾರದು. ಆತ ಹೊಗಳಿಕೆ ತೆಗಳಿಕೆಗಳನ್ನು ದಾಟಿ ಹೋಗಿದ್ದಾನೆ. ಅದು ತಾಕುವುದು ಜಗಲಿಯಲ್ಲಿ ಕುಳಿತವನಿಗೆ. ವಯಸ್ಕರ ನಡುವೆ ಸಮ್ಮತಿಯಿಂದ ನಡೆವ ಸಲಿಂಗ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನ್ಯಾಯಾಲಯ ಅಪರಾಧವನ್ನು ತೆಗೆಯಬಲ್ಲದು. ಗೆಳೆಯರ ಬಾಯಿಂದ ಕಳಂಕವನ್ನು ತೆಗೆಯುವುದು ಅದರ ಕೈಲಾಗದು. 'ಹಾಗಿರಲಿಕ್ಕಿಲ್ಲ' ಎಂದರೆ ವಾದ. 'ಹಾಗಿದ್ದರೆ ಅವಮಾನ' ಎಂದರೆ ಪಕ್ಕದಲ್ಲಿ ಕುಳಿತವನ ಮೇಲೆ ತೀರ್ಪು. ತನ್ನಂಥವರು ಹಿಂದೆಯೂ ಇದ್ದಿರಬಹುದೆ ಎಂದು ಒಬ್ಬನು ಹಳೆಯ ಪುಸ್ತಕದಲ್ಲಿ ಹುಡುಕಿದರೆ ಅದು ಕಳವಲ್ಲ. ಹಳೆಯ ಪುಸ್ತಕಗಳಲ್ಲಿ ನಾವೆಲ್ಲರೂ ಮಾಡುವುದು ಅದನ್ನೇ.

ಮೂರನೆಯ ಭಾನುವಾರ ಮೇಷ್ಟ್ರು ಅವನಿಗೆ ಹೇಳಿಕಳುಹಿಸಿದರು. "ಏನಪ್ಪ, ಪ್ರಶ್ನೆಯನ್ನು ಇಲ್ಲೇ ಬಿಟ್ಟು ಹೋದೆಯಲ್ಲ, ಬಾ" ಎಂದಷ್ಟೇ ಅಂದರು. ಬಳಿಕ ಎಲ್ಲರಿಗೂ ಒಂದು ಕಟ್ಟಳೆ ಹಾಕಿದರು. ಎದುರಾಳಿಯ ಮಾತನ್ನು, ಅವನೇ 'ಹೌದು, ನಾನು ಹೇಳಿದ್ದು ಇದೇ' ಎಂದು ಒಪ್ಪುವಂತೆ ಮೊದಲು ಹೇಳಬೇಕು; ತನ್ನ ಮಾತು ಅನಂತರ. ಹೇಳುವಾಗಲೂ ವಚನದಲ್ಲಿ ಇರುವುದು ಯಾವುದು, ನಾವು ಊಹಿಸಿದ್ದು ಯಾವುದು, ನಮಗೆ ಬೇಕೆನಿಸಿದ್ದು ಯಾವುದು ಎಂದು ಬೇರೆಬೇರೆಯಾಗಿ ಇಡಬೇಕು. ಕೇಳಲು ಸುಲಭ. ಮಾಡತೊಡಗಿದಾಗ ತಿಳಿಯಿತು, ನಮ್ಮ ಸಿದ್ಧಾಂತಗಳಲ್ಲಿ ಬಹುಪಾಲು ಮೂರನೆಯ ರಾಶಿಯವೇ ಎಂದು. 'ಕಳಂಕ' ಎಂದವನೇ ಗೆಳೆಯನ ಮಾತನ್ನು ಒಪ್ಪುವಂತೆ ಹೇಳಲು ಮೂರು ಸಲ ತಡವರಿಸಿದ. ಮೂರನೆಯ ಸಲಕ್ಕೆ ಆ ಶಬ್ದವನ್ನು ತಾನಾಗಿಯೇ ಬಿಟ್ಟ. ಇಬ್ಬರಿಗೂ ಅರ್ಥದಲ್ಲಿ ಇಂದಿಗೂ ಒಮ್ಮತವಿಲ್ಲ. ಸೈಕಲ್ಲಿನಲ್ಲಿ ಮಾತ್ರ ಒಟ್ಟಿಗೆ ಹೋಗುತ್ತಾರೆ.

ನಮ್ಮ ಅಧ್ಯಾಪಕರು ತರಗತಿಯಲ್ಲಿ ಇಂಥ ಪ್ರಶ್ನೆಗಳು ಎದ್ದಾಗ 'ಪಠ್ಯಕ್ಕೆ ಹೊರತು' ಎಂದು ಬದಿಗಿಡದೆ, ಇಷ್ಟು ಕಟ್ಟಳೆಯೊಡನೆ ಚರ್ಚೆಗೆ ಎಡೆಗೊಡಬೇಕೆಂದು ನನ್ನ ವಿನಂತಿ. ಹಿರಿಯರ ಅಂತರಂಗ ನಮಗೆ ಪೂರ್ತಿಯಾಗಿ ತೆರೆಯಲಾರದು. ಅವರ ಬಾಗಿಲ ಮುಂದೆ ನಿಂತು ನಾವು ಒಬ್ಬರೊಡನೊಬ್ಬರು ಹೇಗೆ ಮಾತಾಡಿದೆವು ಎಂಬುದಾದರೋ ನಮ್ಮ ಕೈಯಲ್ಲಿಯೇ ಇದೆ. ಅದಕ್ಕೆ ಸಾಕ್ಷಿಗಳೂ ಬೇಕಾದಷ್ಟು ಮಂದಿ ಬದುಕಿದ್ದಾರೆ.