ತಂತಿಯ ಮೇಲಿನ ಕೌದಿ

ನಮ್ಮ ಹಿತ್ತಲ ತಂತಿಯ ಮೇಲೆ ಹೆಚ್ಚುಕಡಿಮೆ ದಿನವೂ ಒಂದು ಕೌದಿ ಒಣಗುತ್ತಿತ್ತು. ಯಾಕೆ ಅಂತ ಓಣಿಯವರಿಗೆಲ್ಲ ಗೊತ್ತಿತ್ತು. ಮಗ ಆಗ ಐದನೇ ಈಯತ್ತೆ. ಹೆಸರು ಬರೆಯುವುದಿಲ್ಲ, ಈಗ ಅವನೂ ಫೋನಿನಲ್ಲಿ ಇದನ್ನೆಲ್ಲ ಓದುತ್ತಾನೆ.

ನಾವು ಬೈದಿದ್ದೇವೆ. ಒಮ್ಮೆ ಹೊಡೆದೂ ಇದ್ದೇವೆ. ತಂಗಿಯ ಎದುರು 'ಇವಳಿಗಿಂತ ಕಡೆಯಾದೆಯಲ್ಲೋ' ಅಂದಿದ್ದೇವೆ. ಬಳಗದ ಹಿರಿಯರೊಬ್ಬರು 'ಬರೆ ಹಾಕಿಸಿ' ಅಂದಾಗ ಮಾತ್ರ ನಮ್ಮ ಎದೆ ಝಲ್ಲೆಂದಿತು. ಅದೇ ದಿನಗಳಲ್ಲಿ ಮೊರಾರ್ಜಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಕರೆದರು. ಓದಿನಲ್ಲಿ ಮುಂದಿದ್ದ ಹುಡುಗ 'ನಾ ಬರೆಯೂದಿಲ್ಲ' ಅಂದ. ಕಾರಣ ಹೇಳಲಿಲ್ಲ. ಅಲ್ಲಿ ಎಲ್ಲರ ಜೊತೆ ಮಲಗಬೇಕಲ್ಲ.

ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಮೂತ್ರ ಪರೀಕ್ಷೆಯಲ್ಲಿ ಸೋಂಕು, ಸಕ್ಕರೆ ಏನೂ ಇರಲಿಲ್ಲ. 'ನಿಮ್ಮಿಬ್ಬರಲ್ಲಿ ಯಾರಿಗೆ ಹೀಗಿತ್ತು?' ಅಂತ ಕೇಳಿದರು. ಮುಖ ಮುಖ ನೋಡಿಕೊಂಡೆವು. ಹನ್ನೆರಡು ವರ್ಷ ಸಂಸಾರ ಮಾಡಿಯೂ ಹೇಳಿಕೊಳ್ಳದ ಮಾತು ನಮ್ಮಲ್ಲೊಬ್ಬರ ಬಾಯಿಂದ ಅಂದು ಹೊರಬಿತ್ತು. ಏಳನೇ ಈಯತ್ತೆವರೆಗೂ ಇತ್ತು! ಯಾರಿಗೆ ಅಂತ ಕೇಳಬೇಡಿ.

ಇದು ಎಷ್ಟೋ ಸಲ ವಂಶದಲ್ಲಿ ಬರುತ್ತದೆ, ಸೋಮಾರಿತನವಲ್ಲ. ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನು ಕೆಲವು ಮಕ್ಕಳಲ್ಲಿ ಸಾಕಷ್ಟು ಬರುವುದಿಲ್ಲ. ಮೂತ್ರಚೀಲ ತುಂಬಿದರೂ ನಿದ್ದೆ ಒಡೆಯುವುದಿಲ್ಲ. 7 ವರ್ಷದ 100 ಮಕ್ಕಳಲ್ಲಿ 5ರಿಂದ 10 ಮಕ್ಕಳಿಗೆ ಹೀಗಿರುತ್ತದೆ. 5 ವರ್ಷದೊಳಗಿನವರಿಗಂತೂ ಚಿಕಿತ್ಸೆಯೇ ಬೇಡ.

ಡಾಕ್ಟರು ಔಷಧಿ ಬರೆಯಲಿಲ್ಲ. ನಾವು ನೀರು ಕೊಡದೆ ಇಡುತ್ತಿದ್ದುದು ತಪ್ಪು ಅಂದರು. ಬೆಳಿಗ್ಗೆಯಿಂದ, ಶಾಲೆಯಲ್ಲೂ, ಚೆನ್ನಾಗಿ ನೀರು ಕುಡಿಯಬೇಕು, ಸಂಜೆ ಬಾಯಾರಿಕೆಗೆ ಸ್ವಲ್ಪ ಸಾಕು. ಚಹಾ ಬಂದ್. ಮಲಬದ್ಧತೆ ಇದ್ದರೆ ಗಟ್ಟಿ ಮಲ ಮೂತ್ರಚೀಲವನ್ನು ಒತ್ತುತ್ತದಂತೆ, ಅದಕ್ಕೆ ಸೊಪ್ಪು, ಹಣ್ಣು ಹೆಚ್ಚಿಸಿದೆವು. ಮಲಗುವ ಮುಂಚೆ ಮೂತ್ರಕ್ಕೆ ಹೋಗಬೇಕು. ನಮ್ಮ ಪಾಯಖಾನೆ ಹಿತ್ತಲ ಕತ್ತಲಲ್ಲಿದೆ, ಹುಡುಗನಿಗೆ ಹೆದರಿಕೆ. ಒಂದು ಬಲ್ಬ್ ಹಾಕಿಸುವುದು ಅಲ್ಲಿಯವರೆಗೆ ನಮಗೆ ಹೊಳೆದೇ ಇರಲಿಲ್ಲ.

ಆಮೇಲೆ ಅಲಾರಂ. ಚಡ್ಡಿಗೆ ಸಿಕ್ಕಿಸುವ ಸಣ್ಣ ಯಂತ್ರ, ಒದ್ದೆ ತಗುಲಿದ ಕೂಡಲೇ ಕೂಗುತ್ತದೆ. ಮೊದಲ ಎರಡು ವಾರ ಅದಕ್ಕೆ ನಾವು ಎದ್ದೆವು, ಅಜ್ಜಿ ಎದ್ದಳು, ನಾಯಿ ಬೊಗಳಿತು, ಇವನೊಬ್ಬ ಏಳಲಿಲ್ಲ. ಎಬ್ಬಿಸಿ, ಪೂರ್ತಿ ಎಚ್ಚರ ಮಾಡಿ, ಅವನ ಕೈಯಲ್ಲೇ ಅಲಾರಂ ಆರಿಸಿ, ಹಿತ್ತಲಿಗೆ ಕರೆದೊಯ್ಯಬೇಕು. ಹಗಲು ಹೊಲ, ರಾತ್ರಿ ಇದು. ಬಿಟ್ಟುಬಿಡೋಣ ಅಂತ ಇಬ್ಬರೂ ಒಂದೊಂದು ಸಲ ಅಂದಿದ್ದೇವೆ. ಎದ್ದು ಹೋದ ದಿನ ಅವನೇ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ. ಒಣಗಿದ್ದಕ್ಕಲ್ಲ, ಎದ್ದಿದ್ದಕ್ಕೆ. ಅದಷ್ಟೇ ಅವನ ಕೈಯಲ್ಲಿರುವುದು.

ಆರನೇ ವಾರ ಕೂಗಿದ ಕೂಡಲೇ ತಾನೇ ಎದ್ದ. ಮೂರನೇ ತಿಂಗಳಲ್ಲಿ ಸತತ 14 ರಾತ್ರಿ ಹಾಸಿಗೆ ಒಣಗಿತ್ತು. ಎಲ್ಲರಿಗೂ ಹೀಗೇ ಆಗುವುದಿಲ್ಲ, ನಿಲ್ಲಿಸಿದ ಮೇಲೆ ಕೆಲವರಿಗೆ ಮರುಕಳಿಸಿ ಮತ್ತೆ ಹಚ್ಚಬೇಕಾಗುತ್ತದೆ. ಆದರೆ ಆರು ತಿಂಗಳು ಚೆನ್ನಾಗಿದ್ದ ಮಗು ಮತ್ತೆ ಶುರು ಮಾಡಿದರೆ, ವಿಪರೀತ ಬಾಯಾರಿಕೆ ಇದ್ದರೆ, ಹಗಲೂ ಒದ್ದೆಯಾದರೆ, ಉರಿ ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಪರೀಕ್ಷೆ ಬರೆದ, ಸೀಟು ಸಿಕ್ಕಿತು. ಅವನನ್ನು ಕೇಳಿಯೇ ವಾರ್ಡನ್‌ಗೆ ವಿಷಯ ತಿಳಿಸಿದೆವು. ಹೊರಡುವಾಗ ಅಜ್ಜಿ ಕೌದಿ ಮಡಚಿ ಕೊಟ್ಟಳು. 'ಅದು ಬ್ಯಾಡ, ಹೊಸಾದು ಹೊಲಿದು ಕೊಡು' ಅಂದ.